ನಿನ್ನೂರಿನ ಕಾಗದ ಯಾವ ಕಪಾಟಿನಲ್ಲಿದೆ?

ಗ್ರಂಥಾಲಯದಲ್ಲಿ ಕೂತು ಓದೋದಕ್ಕೆ ದುಡ್ಡು ಕೊಡ್ತಾರೆ ಅಂದರೆ ತಾಂಡೂರು ಪಕ್ಕದ ನಮ್ಮ ಕರಣಕೋಟದ ಕಟ್ಟೆಯ ಮೇಲೆ ಕೂತವರು ಯಾರೂ ನಂಬಲಿಕ್ಕಿಲ್ಲ. ಆದರೆ ಕೊಡುವವರಿದ್ದಾರೆ. ಮ್ಯೂನಿಕ್‌ನಲ್ಲಿ 2009ರಲ್ಲಿ ಶುರುವಾದ ರೇಚಲ್ ಕಾರ್ಸನ್ ಸೆಂಟರ್, ನೆಲ ಜಲಗಳ ಚರಿತ್ರೆ ಬರೆಯುವವರನ್ನು ಕರೆಸಿ ಕೆಲವು ತಿಂಗಳು ಇಟ್ಟುಕೊಳ್ಳುತ್ತದೆ. ಅಮೆರಿಕದ ಕಾನ್ಸಾಸ್ ಸಿಟಿಯ ಲಿಂಡಾ ಹಾಲ್ ಗ್ರಂಥಾಲಯ, ವಿಜ್ಞಾನದ ಹಳೆಯ ಪುಸ್ತಕಗಳನ್ನು ಹುಡುಕಿ ಬಂದವರಿಗೆ ಫೆಲೋಶಿಪ್ ಕೊಡುತ್ತದೆ. ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ನಮ್ಮ ಸಂಶೋಧಕರನ್ನು ಬ್ರಿಟನ್ನಿನ ಗ್ರಂಥಾಲಯಗಳಿಗೆ, ಪತ್ರಾಗಾರಗಳಿಗೆ ಕಳಿಸುತ್ತದೆ. ಬೆಂಗಳೂರಿನ ನ್ಯೂ ಇಂಡಿಯಾ ಫೌಂಡೇಶನ್ ಸ್ವಾತಂತ್ರ್ಯಾನಂತರದ ಭಾರತದ ಬಗ್ಗೆ ಪುಸ್ತಕ ಬರೆಯುವವರ ಕೈ ಹಿಡಿಯುತ್ತ ಬಂದಿದೆ. ಇವು ಯಾವುದೂ ಬೇಡ ಅಂದರೂ ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಮಾಸ್ತರಿಕೆಗೆ ಸೇರಿದ ಮೊದಲ ವರ್ಷ ನನ್ನ ಕೈಗೆ ಬರುತ್ತಿದ್ದ ಪಗಾರ ಹೇಳಿದರೆ ನೀನು ನಕ್ಕುಬಿಡ್ತೀ.

ಈಚೆಗೆ ನಮ್ಮ ತೆಲಂಗಾಣದ ಗಡಿಯ ತಾಂಡೂರು, ಜಹೀರಾಬಾದ್, ನಾರಾಯಣಖೇಡದ ಕಡೆಯಿಂದ ಎಂ.ಎಸ್ಸಿ., ಎಂ.ಎ. ಮುಗಿಸಿದ ಹುಡುಗ ಹುಡುಗಿಯರು ಇಂಥ ಅರ್ಜಿ ಹಿಡಿದು 'ಒಮ್ಮೆ ನೋಡ್ರಿ ಸರ್' ಅಂತ ಬರುವುದು ಹೆಚ್ಚಾಗಿದೆ. ಖುಷಿಯ ಮಾತು. ಆದರೆ ಹತ್ತರಲ್ಲಿ ಎಂಟು ಅರ್ಜಿಗಳ ತಲೆಬರಹ ಒಂದೇ: ಹವಾಮಾನ ಬದಲಾವಣೆ ಮತ್ತು ಸುಸ್ಥಿರ ಅಭಿವೃದ್ಧಿ. ಅಷ್ಟು ದೊಡ್ಡ ವಿಷಯಕ್ಕೆ ಯಾವ ಗ್ರಂಥಾಲಯವೂ ಬೇಕಿಲ್ಲ, ಪೇಪರ್ ಓದಿದರೆ ಸಾಕು. ಅರ್ಜಿ ನೋಡುವವರು ಕೇಳುವುದು ಸಣ್ಣ ಪ್ರಶ್ನೆ: ನಮ್ಮ ಕಪಾಟಿನಲ್ಲಿರುವ ಯಾವ ಕಾಗದ ನಿನಗೆ ಬೇಕು? ಅದನ್ನು ಓದಿ ಏನು ತಿಳಿಯಬೇಕು ಅಂತಿದ್ದೀ? ಇದಕ್ಕೆ ಉತ್ತರ ಇಲ್ಲದೆ ಬರೆದ ಅರ್ಜಿ, ಭಾಷೆ ಎಷ್ಟೇ ಚೆಂದ ಇರಲಿ, ಕಸದ ಬುಟ್ಟಿಗೆ ಹೋಗುತ್ತದೆ. ಹೋಗಬೇಕಾದದ್ದೇ.

ಪ್ರಶ್ನೆ ಹುಡುಕಲು ದೂರ ಹೋಗಬೇಕಾಗಿಲ್ಲವ್ವಾ. ಕರಣಕೋಟದ ಸಿಮೆಂಟ್ ಫ್ಯಾಕ್ಟರಿಯ ಕಡೆ ಮುಖ ಮಾಡಿ ನಿಲ್ಲು. ಕಾಲ ಕೆಳಗೆ ಎರೆಮಣ್ಣು, ಅದರ ಕೆಳಗೆ ಪದರ ಪದರವಾಗಿ ಸುಣ್ಣದ ಕಲ್ಲು. ಅದನ್ನು ಎಬ್ಬಿಸಿ ಚೌಕವಾಗಿ ಕೊಯ್ದರೆ ಪರಸಿ. ಆಚೆ ಕರ್ನಾಟಕದವರು ಶಹಾಬಾದ್ ಕಲ್ಲು ಅಂತಾರೆ, ನಾವು ತಾಂಡೂರು ಕಲ್ಲು ಅಂತೀವಿ, ತೆಲುಗಿನವರು ನಾಪರಾಯಿ ಅಂತಾರೆ. ಅದೇ ಕಲ್ಲನ್ನು ಪುಡಿ ಮಾಡಿ ಸುಟ್ಟರೆ ಸಿಮೆಂಟ್. ಅದೇ ಕಲ್ಲಿನ ಮೇಲಿನ ಮಣ್ಣಿನಲ್ಲಿ ತೊಗರಿ. ತಾಂಡೂರು ತೊಗರಿಗೆ 2022ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತಲ್ಲ, ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಈ ಆಳದ ಕಪ್ಪು ಮಣ್ಣು, ಅದರಲ್ಲಿರುವ ಅಟಪುಲ್ಗೈಟ್ ಎಂಬ ಜೇಡಿ ಖನಿಜ, ಕೆಳಗಿನ ಸುಣ್ಣದ ಕಲ್ಲು. ಅದಕ್ಕೂ ಮುಂಚೆ, 2019ರಲ್ಲೇ, ಗುಲ್ಬರ್ಗ ತೊಗರಿಬೇಳೆಗೆ ಬೇರೆ ಜಿಐ ಸಿಕ್ಕಿತ್ತು. ಅನಂತಗಿರಿ ಗುಡ್ಡದ ಕಡೆಯಿಂದ ಇಳಿದ ಕಾಗಿಣಾ ನದಿ ತಾಂಡೂರು ದಾಟಿ ಸೇಡಂ, ಮಳಖೇಡದ ಮೇಲೆ ಹಾದು ಭೀಮೆಗೆ ಸೇರುತ್ತದೆ. ಒಂದೇ ನದಿಯ ದಂಡೆ, ಒಂದೇ ಕಲ್ಲು, ಒಂದೇ ಬೇಳೆ, ಎರಡು ಸರ್ಕಾರಿ ಚೀಟಿ! ಅದಿರಲಿ.

ಈಗ ಪ್ರಶ್ನೆ ತಾನಾಗಿ ಎದ್ದು ಬರುತ್ತದೆ. ಬೇಳೆಗೆ ರುಚಿ ಕೊಟ್ಟ ನೆಲವನ್ನೇ ಅಗೆದು ಪರಸಿ ತೆಗೆದರೆ ತೊಗರಿಗೆ ಎಲ್ಲಿ ಜಾಗ? ಯಾವ ಯಾವ ಸರ್ವೆ ನಂಬರು ಯಾವ ದಶಕದಲ್ಲಿ ಹೊಲ ಹೋಗಿ ಗಣಿ ಆಯಿತು? 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿದ ಮೇಲೆ ಕಲ್ಲು ಎಷ್ಟು ದೂರ ಹೋಯಿತು? ಕಲ್ಲು ತೆಗೆದು ಬಿಟ್ಟ ಗುಂಡಿಗಳ ಸುತ್ತಲಿನ ಬಾವಿಗಳ ನೀರು ಏನಾಯಿತು? ಇದು ಫೆಲೋಶಿಪ್‌ಗೆ ತಕ್ಕ ಪ್ರಶ್ನೆ. ಇದಕ್ಕೆ ಗೂಗಲ್‌ನಲ್ಲಿ ಉತ್ತರ ಇಲ್ಲ, ಕಾಗದದಲ್ಲಿದೆ. ಆ ಕಾಗದ ಎಲ್ಲಿದೆ ಎಂಬುದೇ ನಾನು ನಿನಗೆ ಹೇಳಬೇಕಾದ ಮಾತು.

ನಮ್ಮ ಊರುಗಳ ಕಾಗದ ಬೇರೆಯವರ ಹೆಸರಿನ ಕಪಾಟಿನಲ್ಲಿ ಕೂತಿದೆ. ತಾಂಡೂರು ಈಗ ವಿಕಾರಾಬಾದ್ ಜಿಲ್ಲೆ. ಅದು 2016ರಲ್ಲಿ ಹುಟ್ಟಿದ್ದು. ಅದಕ್ಕೂ ಮುಂಚೆ ರಂಗಾರೆಡ್ಡಿ ಜಿಲ್ಲೆ, 1978ರಿಂದ. ಅದಕ್ಕೂ ಮುಂಚೆ ಹೈದರಾಬಾದ್ ಜಿಲ್ಲೆ. 1956ರ ನವೆಂಬರ್ ಒಂದಕ್ಕೆ ಮುಂಚೆ? ಗುಲ್ಬರ್ಗ ಜಿಲ್ಲೆ. ಜಹೀರಾಬಾದ್, ನಾರಾಯಣಖೇಡ ಈಗ ಸಂಗಾರೆಡ್ಡಿಗೆ ಸೇರಿವೆ, 2016ರ ತನಕ ಮೇದಕ್‌ಗೆ, 1956ಕ್ಕೆ ಮುಂಚೆ ಬೀದರಕ್ಕೆ. ರಾಜ್ಯ ಪುನರ್ವಿಂಗಡಣೆ ಕಾಯ್ದೆಯ 3ನೇ ಕಲಂ ತೆಗೆದು ಓದು. ಗುಲ್ಬರ್ಗ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕು, ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಇಷ್ಟೂ ಆಂಧ್ರಕ್ಕೆ ಅಂತ ಸಾಲಾಗಿ ಬರೆದಿದ್ದಾರೆ. ಒಂದು ಸರ್ಕಲ್ ಇಲ್ಲಿ, ಪಕ್ಕದ ಸರ್ಕಲ್ ಅಲ್ಲಿ. ಹೆಣ್ಣು ಕೊಟ್ಟು ತಂದ ಮನೆಗಳ ನಡುವೆ ಗೆರೆ ಬಿತ್ತು. ಆ ನೋವಿನ ಮಾತು ಬೇರೆ ಕಡೆ ಬೇಕಾದಷ್ಟು ಬಂದಿದೆ. ಸಂಶೋಧಕಿಯಾಗಿ ನೀನು ನೋಡಬೇಕಾದದ್ದು ಬೇರೆ: ಆ ಗೆರೆ ಕಡತಗಳ ನಡುವೆಯೂ ಬಿತ್ತು.

1966ರಲ್ಲಿ ಮೈಸೂರು ಸರ್ಕಾರ ಗುಲ್ಬರ್ಗ ಜಿಲ್ಲೆಯ ಗೆಜೆಟಿಯರ್ ತಂದಿತು. ಅದರ ತಾಲ್ಲೂಕುಗಳ ಪಟ್ಟಿಯಲ್ಲಿ ತಾಂಡೂರು ಇಲ್ಲ, ಹತ್ತು ವರ್ಷದ ಹಿಂದೆಯೇ ಹೋಗಿಬಿಟ್ಟಿತ್ತು. 1977ರ ಬೀದರ ಗೆಜೆಟಿಯರ್‌ನಲ್ಲಿ ಜಹೀರಾಬಾದ್ ಇಲ್ಲ. ಹೈದರಾಬಾದಿನಲ್ಲಿ ಕೂತು ತಾಂಡೂರು, ಜಹೀರಾಬಾದಿನ ಚರಿತ್ರೆ ಬರೆಯುವವರು ಮೇದಕ್, ಹೈದರಾಬಾದ್ ಎಂಬ ಹೆಸರಿನ ಕಟ್ಟುಗಳನ್ನು ಬಿಚ್ಚುತ್ತಾರೆ. ಕಲಬುರಗಿಯಲ್ಲಿ ಕೂತವರು ತಾಂಡೂರು ನಮ್ಮದಲ್ಲ ಅಂತ ಪುಟ ಹೊರಳಿಸುತ್ತಾರೆ. ಇಬ್ಬರ ಕಣ್ಣಿಗೂ ಬೀಳದ ಕಾಗದ ಗುಲ್ಬರ್ಗ, ಬೀದರ ಎಂಬ ಹೆಸರಿನ ಹಳೆಯ ಕಟ್ಟುಗಳಲ್ಲೇ ಇದೆ. ಅದಕ್ಕೇ ಹೇಳುವುದು, ಗಡಿಯಲ್ಲಿ ಹುಟ್ಟಿದ್ದು ನಿನಗೆ ಕೊರತೆ ಅಲ್ಲ, ಎರಡೂ ಕಡೆಯ ಬೀಗದಕೈ ನಿನ್ನ ಹತ್ತಿರ ಇದೆ. ಅರ್ಜಿಯಲ್ಲಿ ಇದನ್ನೇ ಬರೆ.

ಏನೇನು ಓದಬೇಕು ಅಂತ ಕೇಳಿದರೆ, ಮೊದಲು 1909ರ ಇಂಪೀರಿಯಲ್ ಗೆಜೆಟಿಯರ್‌ನ ಹೈದರಾಬಾದ್ ಸಂಪುಟ. ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮನೆಯಲ್ಲಿ ಓದಬಹುದಾದದ್ದನ್ನು ಓದಲು ಲಂಡನ್ನಿಗೆ ಟಿಕೆಟ್ ಕೇಳಬೇಡ, ಅರ್ಜಿ ನೋಡುವವರಿಗೆ ಅದು ಗೊತ್ತಾಗುತ್ತದೆ. ಆಮೇಲೆ ಎಸ್. ಕೇಶವ ಅಯ್ಯಂಗಾರ್ ಅವರು 1929-30ರಲ್ಲಿ ನಿಜಾಮರ ರಾಜ್ಯದ ಹಳ್ಳಿಗಳಲ್ಲಿ ನಡೆಸಿದ ಆರ್ಥಿಕ ಸಮೀಕ್ಷೆಯ ಸಂಪುಟಗಳು, ಅವರೇ 1949ರಿಂದ 51ರ ತನಕ ಮತ್ತೆ ನಡೆಸಿದ ಗ್ರಾಮೀಣ ವಿಚಾರಣೆ. ಕಲ್ಲಿನ ವಿಷಯಕ್ಕೆ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಬರೆದ ವರದಿ, ಹೈದರಾಬಾದ್ ಜಿಯಲಾಜಿಕಲ್ ಸರ್ವೆಯ ಜರ್ನಲ್‌ನಲ್ಲಿ 1947ರಲ್ಲಿ ಸಿ. ಮಹಾದೇವನ್ ಗುಲ್ಬರ್ಗ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಬರೆದದ್ದು. 1951ರ ಜನಗಣತಿಯಲ್ಲಿ ತಾಂಡೂರು ಇನ್ನೂ ಗುಲ್ಬರ್ಗದ ಒಳಗೇ ಇದೆ, ಮರೆಯಬೇಡ.

ಇನ್ನು ಖಾಸ್ರಾ ಪಹಣಿ, 1954-55ರದು. ತೆಲಂಗಾಣದಲ್ಲಿ ಹೊಲದ ತಂಟೆ ಎದ್ದಾಗಲೆಲ್ಲ ವಕೀಲರು ಮೊದಲು ಕೇಳುವ ಕಾಗದ ಅದು. ಜನ ತಹಸೀಲ್ ಕಚೇರಿಗೆ ಹೋಗಿ ಅದರಲ್ಲಿ ಅಜ್ಜನ ಹೆಸರಿದೆಯೋ ಇಲ್ಲವೋ ನೋಡಿ ನಕಲು ತರುತ್ತಾರೆ. ನೀನು ಹೆಸರಿನ ಕಾಲಂ ಬಿಟ್ಟು ಪಕ್ಕಕ್ಕೆ ಸರಿ. ಯಾವ ನೆಲ ಖುಷ್ಕಿ (ಒಣ), ಯಾವುದು ತರಿ (ನೀರಾವರಿ), ನೀರು ಬಾವಿಯದೋ ಕೆರೆಯದೋ ಅಂತ ನೋಡು. ಆಮೇಲಿನ ವರ್ಷಗಳ ಪಹಣಿಯಲ್ಲಿ ಅದೇ ಸರ್ವೆ ನಂಬರು ಹುಡುಕು. ಊರೊಂದರ ನಲವತ್ತು ಐವತ್ತು ನಂಬರುಗಳನ್ನು ಹೀಗೆ ಕೂಡಿಸಿದರೂ ಹೊಲ ಗಣಿಯಾದ ಕಥೆ ಇಸವಿ ಸಮೇತ ಎದುರು ಬಂದು ನಿಲ್ಲುತ್ತದೆ. ಯಾವ ಉಪಗ್ರಹದ ಚಿತ್ರವೂ 1954ಕ್ಕೆ ಹೋಗುವುದಿಲ್ಲ.

ಹಳೆಯ ಕಡತಕ್ಕೆ ಕೈ ಹಾಕಿದ ದಿನವೇ ನಿನ್ನನ್ನು ತಡೆಯುವುದು ಫಸಲಿ. ನಿಜಾಮರ ಕಾಲದ ಕಾಗದದಲ್ಲಿ ಇಸವಿ ಇರುವುದಿಲ್ಲ, ಫಸಲಿ ವರ್ಷ ಇರುತ್ತದೆ. ಹೈದರಾಬಾದಿನ ಫಸಲಿ ಆಜೂರ್ ತಿಂಗಳಿಗೆ ಶುರು, ಅಂದರೆ ನಮ್ಮ ಅಕ್ಟೋಬರಿನ ಮೊದಲ ವಾರ. ಅಲ್ಲಿಂದ ದೈ, ಬಹಮನ್, ಇಸ್ಫಂದಾರ್ ಅಂತ ನಡೆದು ಆಬಾನ್‌ಗೆ ಮುಗಿಯುತ್ತದೆ. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ ಅಂತ ಎಲ್ಲರೂ ಹೇಳಿಕೊಡ್ತಾರೆ. ಅದು ಅರ್ಧ ಸರಿ. ಬಹಮನ್ ತಿಂಗಳ ಒಳಗೆ ಜನವರಿ ಹೊಕ್ಕುತ್ತದೆ, ಅಲ್ಲಿಂದ ಮುಂದೆ 591 ಕೂಡಿಸಬೇಕು. ಅಮರದಾದ್ 1336 ಎಂಬ ತಾರೀಖಿನ ಕೆಳಗೆ ಮಳೆ ಇಲ್ಲ ಎಂದು ಬರೆದ ಒಂದು ಹಾಳೆ ಸಿಕ್ಕಿತು ಅಂತ ಇಟ್ಟುಕೋ. ಅಮರದಾದ್ ಅಂದರೆ ಜೂನ್ ಜುಲೈ, ಮಿರುಗ ಹೊಕ್ಕುವ ಹೊತ್ತು. 590 ಕೂಡಿಸಿ 1926 ಅಂತ ಬರೆದರೆ ಮುಂಗಾರು ಕೈಕೊಟ್ಟದ್ದು ಒಂದು ವರ್ಷ ಹಿಂದಕ್ಕೆ ಹೋಯಿತು. ನಿಜಕ್ಕೂ ಅದು 1927. ಆಮೇಲೆ ನೀನು ಮಳೆ ಮಾಪನದ ಅಂಕಿ ತಂದು ಪಕ್ಕಕ್ಕಿಟ್ಟರೆ ಎರಡೂ ಹೊಂದುವುದಿಲ್ಲ, ತಪ್ಪು ಕಡತದ್ದು ಅಂತ ನೀನೇ ತೀರ್ಪು ಕೊಡ್ತೀ. ಹನ್ನೆರಡು ತಿಂಗಳ ಹೆಸರು ಒಂದು ರಟ್ಟಿನ ಮೇಲೆ ಬರೆದು ನೋಟ್‌ಬುಕ್ಕಿನಲ್ಲಿ ಇಟ್ಟುಕೋ.

ಫಸಲಿಗಿಂತ ದೊಡ್ಡದು ಉರ್ದು. 1880ರ ದಶಕದಲ್ಲಿ ಪಾರಸಿ ಹೋಗಿ ಉರ್ದು ನಿಜಾಮರ ಆಡಳಿತ ಭಾಷೆಯಾಯಿತು, 1948ರ ತನಕ ಅದರದೇ ದರ್ಬಾರು. ಹೈದರಾಬಾದಿನ ತಾರನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ರಾಶಿ ಬಿದ್ದಿರುವುದು ಹೆಚ್ಚಾಗಿ ಪಾರಸಿ, ಉರ್ದು ಕಾಗದ. ನಮ್ಮ ಪರಿಸರ ಸಂಶೋಧಕರು ಇಂಗ್ಲಿಷ್ ವರದಿಗಳಷ್ಟನ್ನೇ ಓದಿ ಬರೆಯುತ್ತಾರೆ. ತಾಂಡೂರಿನ ತಹಸೀಲ್ದಾರ ಬರೆದದ್ದು ಉರ್ದುವಿನಲ್ಲಿ, ಅದರ ಸಾರ ಮೇಲಿನವರು ಇಂಗ್ಲಿಷಿಗೆ ಇಳಿಸುವ ಹೊತ್ತಿಗೆ ಕೆರೆಯ ಹೆಸರು, ಹಳ್ಳಿಯ ಹೆಸರು ಹಾರಿಹೋಗಿರುತ್ತವೆ. ನೀನು ಸಂತೆಯಲ್ಲಿ ದಖನಿ ಉರ್ದು ಮಾತಾಡ್ತೀ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಪರದೇಶದಿಂದ ಬಂದ ವಿದ್ವಾಂಸ ಎರಡು ವರ್ಷ ಒದ್ದಾಡಿ ಕಲಿಯುವ ಮಾತು ನಿನ್ನ ನಾಲಿಗೆಯ ಮೇಲೆ ಆಡುತ್ತದೆ. ಬಾಕಿ ಇರುವುದು ಅಕ್ಷರ. ನಿನ್ನ ಓಣಿಯಲ್ಲೇ ಕಲಿಸುವ ಚಾಚಾ ಇದ್ದಾರೆ, ಉರ್ದು ಶಾಲೆಯ ಮಾಸ್ತರ ಇದ್ದಾರೆ. ದಿನಾ ಒಂದು ತಾಸು, ಆರು ತಿಂಗಳು ಗಟ್ಟಿ ಕೂತರೆ ಅಚ್ಚಾದ ಅಕ್ಷರ ಓದಲು ಬರುತ್ತದೆ. ಶಿಕಸ್ತಾ ಎಂಬ ಗೀಚಿದ ಕೈಬರಹಕ್ಕೆ ಇನ್ನೂ ಕಾಲ ಬೇಕು. ಕಂಪ್ಯೂಟರ್ ಕೋರ್ಸಿಗೆ ಕೊಡುವ ದುಡ್ಡಿನಲ್ಲಿ ಅರ್ಧ ಇದಕ್ಕೆ ಕೊಡು ಅಂತ ನಾನು ಯಾರ ಮುಂದೆಯೂ ಹೇಳಲು ಹಿಂಜರಿಯುವುದಿಲ್ಲ.

ಕಾಗದದಿಂದ ಏನಾಗುತ್ತದೆ ಅಂತ ಅಪ್ಪ ಕೇಳಿದರೆ ಮೂಸಿಯ ಕಥೆ ಹೇಳು. ಅದೂ ಅನಂತಗಿರಿಯಿಂದಲೇ ಇಳಿಯುವ ನದಿ. 1908ರ ಸೆಪ್ಟೆಂಬರಿನಲ್ಲಿ ಉಕ್ಕಿ ಹೈದರಾಬಾದನ್ನು ಮುಳುಗಿಸಿತು. ನಿಜಾಮರು ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರು ಮಳೆಯ ಅಂಕಿ, ಕೆರೆಗಳ ಲೆಕ್ಕ ತರಿಸಿಕೊಂಡು ಕೂತರು. ಮೂಸಿ ಜಲಾನಯನದಲ್ಲಿ 788 ಕೆರೆ, ಅದರಲ್ಲಿ 221 ಒಡೆದಿದ್ದವು. ನೆರೆ ಬಂದದ್ದು ನದಿಯೊಂದರಿಂದಲ್ಲ, ಒಂದರ ಹಿಂದೆ ಒಂದು ಒಡೆದ ಕೆರೆಗಳೂ ಅದಕ್ಕೆ ಕೂಡಿಕೊಂಡಿದ್ದವು ಎಂಬುದು ಆ ಲೆಕ್ಕದಿಂದ ಕಂಡಿತು. ಅವರ 1909ರ ವರದಿಯ ಮೇಲೆಯೇ ಮುಂದೆ ಉಸ್ಮಾನ್‌ಸಾಗರ, ಹಿಮಾಯತ್‌ಸಾಗರ ಎದ್ದದ್ದು.

ಆದರೆ ಕಾಗದವನ್ನು ದೇವರು ಮಾಡಬೇಡ. ಇದಕ್ಕೆ ಉತ್ತರ ಕನ್ನಡ ಜಿಲ್ಲೆಯ ಬಿದಿರಿನ ಕಥೆಯಷ್ಟು ಒಳ್ಳೆಯ ಪಾಠ ನನಗೆ ಬೇರೆ ಸಿಕ್ಕಿಲ್ಲ. 1970ರ ದಶಕದಲ್ಲಿ ಬುಟ್ಟಿ ಹೆಣೆಯುವ ಮೇದಾರರು ಬಿದಿರು ಸಿಗುತ್ತಿಲ್ಲ, ದಾಂಡೇಲಿಯ ಕಾಗದದ ಕಾರ್ಖಾನೆ ಎಲ್ಲ ಕಡಿಯುತ್ತಿದೆ ಅಂತ ದೂರಿದರು. ಸರ್ಕಾರ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರನ್ನು ಕೇಳಿತು. ಅವರು ಅರಣ್ಯ ಇಲಾಖೆಯ ಕಡತ ತೆಗೆದು ನೋಡಿದರೆ ಕಾರ್ಖಾನೆಗೆ ಬಿದಿರು ಸಿಗುತ್ತಿದ್ದದ್ದು ಟನ್ನಿಗೆ ಒಂದೂವರೆ ರೂಪಾಯಿ ದರದಲ್ಲಿ! ಮೇದಾರ ಪೇಟೆಯಲ್ಲಿ ಕೊಡುತ್ತಿದ್ದ ಬೆಲೆಗೆ ಅದು ಸಮೀಪವೂ ಅಲ್ಲ. ಇಷ್ಟು ಕಾಗದ ಹೇಳಿತು. ಕಾಗದ ಹೇಳದೆ ಇದ್ದದ್ದು ಇನ್ನೊಂದು. ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಅದನ್ನು ಸವರಿದರೆ ಮೆಳೆ ಹಗುರಾಗಿ ಚೆನ್ನಾಗಿ ಬೆಳೆಯುತ್ತದೆ ಅಂತ ಇಲಾಖೆಯ ನಂಬಿಕೆ. ಹಳ್ಳಿಯವರು ಬೇರೆ ಹೇಳಿದರು: ಮುಳ್ಳು ತೆಗೆದರೆ ಕಳಲೆ ದನಕ್ಕೆ, ಕಾಡುಪ್ರಾಣಿಗೆ ಆಹಾರವಾಗುತ್ತದೆ, ಹೊಸ ಗಳ ಏಳುವುದಿಲ್ಲ. ಗಾಡ್ಗೀಳರು ಮೆಳೆಗಳ ಹತ್ತಿರ ಕೂತು ಎಣಿಸಿ ನೋಡಿದರು. ಹಳ್ಳಿಯವರ ಮಾತೇ ನಿಜವಾಯಿತು. ಕಡತ ಒಂದನ್ನೇ ನಂಬಿದ್ದರೆ ತಪ್ಪು ಇನ್ನೊಂದು ಪುಸ್ತಕಕ್ಕೆ ಏರುತ್ತಿತ್ತು.

ನಮ್ಮ ಸೀಮೆಯ ಕಡತಕ್ಕೂ ಇಂಥ ಕುರುಡು ಇದೆ. ಪಹಣಿ ಬರೆಯುವ ಪಟವಾರಿ ಹೊಲದ ಬದುವಿನ ಮೇಲೆ ನಿಂತು ಜೋಳ ಅಂತ ಒಂದು ಮಾತು ಬರೆದು ಹೋಗುತ್ತಾನೆ. ಆ ಜೋಳದ ಸಾಲಿನ ನಡುವೆ ತೊಗರಿ, ಅಲಸಂದಿ, ಹೆಸರು, ಪುಂಡಿ, ಎಳ್ಳು, ನವಣೆ ಇರುತ್ತವೆ. ಬಿತ್ತದೆ ಬರುವ ಸೊಪ್ಪಂತೂ ಯಾವ ಕಾಲಂಗೂ ಸೇರುವುದಿಲ್ಲ. ಇದನ್ನು ಲೆಕ್ಕಕ್ಕೆ ತಂದವರು ಜಹೀರಾಬಾದ್ ಹತ್ತಿರದ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು, ಬಹುಪಾಲು ದಲಿತ ಮನೆಗಳವರು. 1983ರಲ್ಲಿ ಆ ಸಂಸ್ಥೆ ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದಲ್ಲಿದ್ದವರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ವರ್ಷವರ್ಷ ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಎತ್ತಿನ ಗಾಡಿಗಳಲ್ಲಿ ಬೀಜ ಹೇರಿಕೊಂಡು ಹಳೆಯ ಬೆಳೆಗಳ ಜಾತ್ರೆ ಹೊರಡುತ್ತದೆ. ಮಾಚನೂರಿನಲ್ಲಿ 2008ರಿಂದ ಆ ಹೆಣ್ಣುಮಕ್ಕಳೇ ನಡೆಸುವ ಸಂಘಂ ರೇಡಿಯೋ ಇದೆ. 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಜಹೀರಾಬಾದಿನಿಂದ ಹೆದ್ದಾರಿ ಹಿಡಿದು ಹೈದರಾಬಾದಿನ ಕಡೆ ಬಂದರೆ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆ ಇದೆ, 1972ರಲ್ಲಿ ಶುರುವಾದದ್ದು. ಅಲ್ಲಿ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾದ ಲಕ್ಷಕ್ಕೂ ಮೇಲ್ಪಟ್ಟು ತಳಿಗಳನ್ನು ತಣ್ಣನೆಯ ಕೋಣೆಯಲ್ಲಿ, ಯಾವ ಸೀಮೆಯಿಂದ ತಂದದ್ದು ಅಂತ ದಾಖಲೆ ಸಮೇತ ಇಟ್ಟಿದ್ದಾರೆ. ಪಸ್ತಾಪುರದ ಮಡಕೆಯ ಬೀಜ, ಪಟಾನ್‌ಚೆರುವಿನ ಶೀಶೆಯ ಬೀಜ, ತಾರನಾಕದ ಉರ್ದು ಹಾಳೆ ಈ ಮೂರನ್ನೂ ಒಬ್ಬರೇ ಕೂತು ಓದಿದ್ದನ್ನು ನಾನಂತೂ ನೋಡಿಲ್ಲ. ಆ ಕೆಲಸ ಖಾಲಿ ಬಿದ್ದಿದೆ.

ಇನ್ನು ಸಣ್ಣಪುಟ್ಟ ಮಾತು. ಪತ್ರಾಗಾರಕ್ಕೆ ಹೋಗುವ ಮೊದಲು ಅಲ್ಲಿಯವರಿಗೆ ಪತ್ರ ಬರೆ, ಕಾಲೇಜಿನ ಶಿಫಾರಸು ಪತ್ರ ಕೈಯಲ್ಲಿರಲಿ. ಪೆನ್ನು ಬಿಟ್ಟು ಪೆನ್ಸಿಲ್ ಒಯ್ಯಿ. ಫೋಟೋ ತೆಗೆಯುವ ಮೊದಲು ಕೇಳು. ಹಾಳೆಯ ಫೋಟೋ ತೆಗೆದರೆ ಕಡತದ ಮೇಲಿನ ನಂಬರಿನ ಫೋಟೋ ಮೊದಲು ತೆಗಿ, ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಯಾವುದು ಎಲ್ಲಿಯದು ತಿಳಿಯದೆ ಎಲ್ಲವೂ ದಂಡ. ಕಡತ ತಂದುಕೊಡುವ ಅಟೆಂಡರ್‌ಗೆ ನಮಸ್ಕಾರ ಹೇಳು. ಯಾವ ಕಟ್ಟು ಯಾವ ಕಪಾಟಿನಲ್ಲಿದೆ ಅಂತ ಕ್ಯಾಟಲಾಗಿಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ. ಮದುವೆಯ ವಯಸ್ಸು ಮೀರುತ್ತಿದೆ, ಇದೇನು ಓದು ಅಂತ ಮನೆಯಲ್ಲಿ ಅಂದರೆ ಫೆಲೋಶಿಪ್ ಎಷ್ಟು ಅಂತ ಹೇಳಿಬಿಡು, ಸ್ವಲ್ಪ ದಿನ ಸುಮ್ಮನಿರ್ತಾರೆ.

ದೂರದ ಗ್ರಂಥಾಲಯದ ಅರ್ಜಿಗೆ ಇನ್ನೂ ಹೊತ್ತಿದೆ. ಮೊದಲು ತಾಂಡೂರಿನಲ್ಲಿ ಬೆಳಗಿನ ರೈಲು ಹತ್ತಿ ಹೈದರಾಬಾದಿನ ಅಫ್ಜಲ್‌ಗಂಜಿನ ಸ್ಟೇಟ್ ಸೆಂಟ್ರಲ್ ಲೈಬ್ರರಿಗೆ ಹೋಗು. 1891ರಲ್ಲಿ ಆಸಫಿಯಾ ಅಂತ ಶುರುವಾದದ್ದು, ಅಲ್ಲಿ ಕನ್ನಡ ಪುಸ್ತಕಗಳೂ ಇವೆ. ಗುಲ್ಬರ್ಗ ಎಂಬ ಹೆಸರಿನ ಹಳೆಯ ವರದಿಗಳನ್ನು ಕೇಳಿ ತೆಗೆಸು, ತಾಂಡೂರು ಎಂಬ ಹೆಸರು ಬಂದ ಪುಟಗಳನ್ನೆಲ್ಲ ಬರೆದುಕೋ. ಆ ಪಟ್ಟಿ ಹಿಡಿದು ನನ್ನ ಹತ್ತಿರ ಬಾ, ಅರ್ಜಿ ಇಬ್ಬರೂ ಕೂತು ಬರೆಯೋಣ.